ಡ್ರೈವ್, ಪಿಎಲ್‌ಸಿ ತರಿಸುವ ಡೀಲರ್: ಮಾಲು ಚಲೋ, ತಾರೀಖು ನಂಬಬ್ಯಾಡ್ರಿ

ಐದಕ್ಕೆ ಮೂರು ಸ್ಟಾರ್. ಮಾಲಿಗೆ ನಾಲ್ಕೂವರೆ, ಹೇಳಿದ ತಾರೀಖಿಗೆ ಒಂದೂವರೆ, ಸರಾಸರಿ ತೆಗೆದರೆ ಇಷ್ಟೇ ಬರುತ್ತದೆ.

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಬೇಳೆ ಮಿಲ್ಲುಗಳಿಗೆ ನಾನು ಕಂಟ್ರೋಲ್ ಪ್ಯಾನಲ್ ಕಟ್ಟಿಕೊಡುತ್ತೇನೆ. ಕಾಳು ಮೇಲಕ್ಕೆತ್ತುವ ಎಲಿವೇಟರ್, ಸಿಪ್ಪೆ ಉಜ್ಜಿ ತೆಗೆಯುವ ಎಮರಿ ರೋಲರ್‌ಗಳ ಮೋಟರಿಗೆ ಡ್ರೈವ್ (ಮೋಟರಿನ ವೇಗ ಹಿಡಿತದಲ್ಲಿಡುವ ಸಾಧನ), ಎಲ್ಲವನ್ನೂ ನಡೆಸಲು ಒಂದು ಸಣ್ಣ ಪಿಎಲ್‌ಸಿ (ಪ್ರೋಗ್ರಾಮ್ ಹಾಕಿ ಯಂತ್ರ ನಡೆಸುವ ಕಂಪ್ಯೂಟರ್), ಜೊತೆಗೆ ಅದಕ್ಕೆ ಕರೆಂಟ್ ಕೊಡುವ 24 ವೋಲ್ಟಿನ ಎಸ್‌ಎಂಪಿಎಸ್. ಇವನ್ನೆಲ್ಲ 2019ರಿಂದ ಹೈದರಾಬಾದಿನ ಒಬ್ಬರೇ ಡೀಲರ್ ಹತ್ತಿರ ತರಿಸುತ್ತಿದ್ದೇನೆ. ಹೆಸರು ಬೇಡ. ಬೇರೆ ಡೀಲರ್‌ಗಳನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಹಾಡು.

ಮೊದಮೊದಲು ಬೆಳಿಗ್ಗೆ ಫೋನ್ ಮಾಡಿದರೆ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಡ್ರೈವ್ ಬರುತ್ತಿತ್ತು. 2021ರಲ್ಲಿ ಅದೆಲ್ಲ ನಿಂತಿತು. ಆ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿಪರೀತ ಚಳಿಯಿಂದ ಕರೆಂಟ್ ಹೋಗಿ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ಬಂದಾದವು. ಮಾರ್ಚ್ 19ರಂದು ಜಪಾನಿನಲ್ಲಿ ರೆನೆಸಾಸ್ ಎಂಬ ಚಿಪ್ ಕಂಪನಿಯ ನಾಕಾ ಘಟಕಕ್ಕೆ ಬೆಂಕಿ ಬಿತ್ತು. ಅದಾಗಿ ನಾಲ್ಕನೇ ದಿನಕ್ಕೆ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಹಡಗು ಅಡ್ಡಲಾಗಿ ಸಿಕ್ಕಿಕೊಂಡಿತು. ಡ್ರೈವಿನೊಳಗೆ ಕೂರುವುದು ಬಹುತೇಕ ಹಳೇ ತಂತ್ರಜ್ಞಾನದ ಅಗ್ಗದ ಚಿಪ್ಪು. ಕಾರಿನವರಿಗೂ ಬೇಕಾದದ್ದು ಅದೇ. ಅಂಥ ಒಂದು ಚಿಪ್ಪಿಲ್ಲದೆ ಸಾವಿರಾರು ರೂಪಾಯಿಯ ಡ್ರೈವ್ ಕಾರ್ಖಾನೆಯಿಂದ ಹೊರಗೇ ಬರುತ್ತಿರಲಿಲ್ಲ.

ಇದರಲ್ಲಿ ಡೀಲರನ ತಪ್ಪಿಲ್ಲ, ಒಪ್ಪೋಣ. ನನ್ನ ತಕರಾರು ಅವರ ಮಾತಿನ ಮೇಲೆ. ಪೂರ್ತಿ ಹಣ ಅಡ್ವಾನ್ಸ್ ಹಾಕಿಸಿಕೊಂಡ ಮೇಲೆ ಪ್ರತಿ ಸೋಮವಾರ "ಈ ವಾರ ಡಿಸ್ಪ್ಯಾಚ್ ಆಗ್ತದ್ರಿ ಸರ್" ಅನ್ನುವುದು. ಸೇಲ್ಸ್ ಹುಡುಗ ಬೀದರ್ ಕಡೆಯವ, ಮಾತು ಬೆಣ್ಣೆ. ಕೊನೆಗೆ ಒಂದು ದಿನ ಕೊಟೇಶನ್ನಿನ ಕೆಳಗಿದ್ದ "ಲಭ್ಯತೆಗೆ ಒಳಪಟ್ಟು" ಎಂಬ ಸಣ್ಣ ಅಕ್ಷರ ತೋರಿಸಿದ. ಮೂರು ತಿಂಗಳು ಆಗುತ್ತದೆ ಎಂದು ಮೊದಲೇ ಹೇಳಿದ್ದರೆ ಬೇರೆ ಬ್ರ್ಯಾಂಡಿಗೆ ಪ್ಯಾನಲ್ ಡಿಸೈನ್ ಮಾಡುತ್ತಿದ್ದೆ. ಇಲ್ಲಿ ತೊಗರಿ ಡಿಸೆಂಬರ್, ಜನವರಿಯಲ್ಲಿ ಮಾರ್ಕೆಟ್ಟಿಗೆ ಬರುತ್ತದೆ. ಆಗ ಮಿಲ್ ನಿಂತರೆ ಸಾಹುಕಾರರು "ಮಾಲು ಬಂದು ಬಿದ್ದದ, ನಿನ್ನ ಡ್ರೈವ್ ಎಲ್ಲದನೋ?" ಎಂದು ನನ್ನನ್ನು ಕೇಳುತ್ತಾರೆ, ಜಪಾನನ್ನಲ್ಲ.

ಬ್ರ್ಯಾಂಡ್ ಬದಲಿಸುವುದೂ ಹೇಳಿದಷ್ಟು ಸಲೀಸಲ್ಲ. ಡ್ರೈವಾದರೆ ಪ್ಯಾರಾಮೀಟರ್ (ಸೆಟ್ಟಿಂಗ್) ಹೊಸದಾಗಿ ತುಂಬಿ, ಬೋಲ್ಟಿನ ತೂತು ಬೇರೆ ಕಡೆ ಹೊಡೆದು ಹೇಗೋ ಕೂರಿಸಬಹುದು. ಪಿಎಲ್‌ಸಿ ಬದಲಾದರೆ ಪ್ರೋಗ್ರಾಮೇ ಹೊಸದಾಗಿ ಬರೆಯಬೇಕು. ಸಾಫ್ಟ್‌ವೇರ್ ಲೈಸೆನ್ಸಿನ ಖರ್ಚು ಬೇರೆ.

ಇನ್ನು ಮಾಲಿಗೆ ನಾಲ್ಕೂವರೆ ಯಾಕೆ ಅಂದರೆ, ಅಷ್ಟು ಕೊರತೆಯಲ್ಲೂ ಇವರು ಒಮ್ಮೆಯೂ ಹಳೇ ಮಾಲಿಗೆ ಹೊಸ ಡಬ್ಬಿ ಹಾಕಿ ಕಳಿಸಲಿಲ್ಲ. ಆಗ ಮಾರ್ಕೆಟ್ಟಿನಲ್ಲಿ ರಿಪೇರಿ ಮಾಡಿದ್ದನ್ನೇ ಹೊಸದೆಂದು ದುಪ್ಪಟ್ಟು ರೇಟಿಗೆ ಮಾರಿದವರಿದ್ದರು. ಸ್ಟಾಕಿನಲ್ಲಿ ಬಹಳ ದಿನ ಕೂತ ಡ್ರೈವ್ ಕಳಿಸುವಾಗ ತಯಾರಾದ ತಾರೀಖು ಇವರೇ ಹೇಳುತ್ತಾರೆ. ಅದು ದೊಡ್ಡ ಮಾತು. ವರ್ಷ, ಎರಡು ವರ್ಷ ಕರೆಂಟ್ ಕಾಣದ ಡ್ರೈವಿಗೆ ನೇರ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳಗೆ ಕರೆಂಟ್ ಹಿಡಿದಿಡುವ ಕೆಪ್ಯಾಸಿಟರ್ ಸಿಡಿಯಬಹುದು, ನಿಧಾನಕ್ಕೆ ಏರಿಸುತ್ತಾ ಹೋಗಬೇಕು. ಇದನ್ನು ಹೇಳುವ ಡೀಲರ್ ಅಪರೂಪ.

ಈಗ 15 ಎಚ್‌ಪಿವರೆಗಿನ ಡ್ರೈವ್ ಸುಮಾರಾಗಿ ಬೇಗ ಸಿಗುತ್ತದೆ. ಗೋಳು ಸಣ್ಣ ಸಾಮಾನಿನದು: ಕೀಪ್ಯಾಡ್, ಮೆಮೊರಿ ಕಾರ್ಡ್, ಅದಕ್ಕಿಂತ ಮುಖ್ಯವಾಗಿ ಕೂಲಿಂಗ್ ಫ್ಯಾನ್. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮೇಲೆ ತೊಗರಿ ಹೊಟ್ಟಿನ ಧೂಳು. ಪ್ರತಿ 10 ಡಿಗ್ರಿ ಶಾಖ ಏರಿದರೆ ಕೆಪ್ಯಾಸಿಟರ್ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರಿಗೆಲ್ಲ ಗೊತ್ತಿರುವ ಲೆಕ್ಕ. ಹಾಗಿರುವಾಗ ಫ್ಯಾನ್ ಇಲ್ಲಿ ಎಣ್ಣೆ, ಗ್ರೀಸಿನ ಹಾಗೆ ಖರ್ಚಾಗುವ ಸಾಮಾನು. ಅದಕ್ಕೂ ಇವರು "ಕಂಪನಿಯಿಂದ ತರಿಸಬೇಕ್ರಿ" ಅನ್ನುತ್ತಾರೆ. ಆದ್ದರಿಂದ ಡ್ರೈವ್ ಆರ್ಡರ್ ಹಾಕುವಾಗಲೇ ಫ್ಯಾನ್ ಒಂದು ಹೆಚ್ಚಿಗೆ ಬರೆಸಿಬಿಡಿ. ಎಲಿವೇಟರ್ ಮೋಟರಿಗೆ, ಡ್ರೈವ್ ಇಲ್ಲದೆಯೂ ಅದನ್ನು ನಡೆಸುವ ಸ್ಟಾರ್-ಡೆಲ್ಟಾ ಬೈಪಾಸ್ ಇಡಿಸಿ, ಡ್ರೈವ್ ಕೈಕೊಟ್ಟ ರಾತ್ರಿ ಮಿಲ್ ಹೇಗೋ ನಡೆಯುತ್ತದೆ.

ಸರ್ವಿಸ್ ಎಂಜಿನಿಯರ್ ಕಲಬುರಗಿಗೆ ಬರುತ್ತಾರಾ ಅಂತ ಕೇಳುವವರಿಗೆ: ಬರುವುದಿಲ್ಲ. ವಾಟ್ಸಾಪ್ ವಿಡಿಯೊ ಕಾಲ್ ಮಾಡಿ, ಮೊಬೈಲನ್ನು ಪ್ಯಾನಲ್ಲಿನೊಳಗೆ ಹಿಡಿಯಬೇಕು. ಅಷ್ಟರಲ್ಲೂ ಚೆನ್ನಾಗಿ ಹೇಳಿಕೊಡುತ್ತಾರೆ ಅನ್ನಿ.

ದೀಪಾವಳಿಗೆ ಮುಂಚೆ ಆರ್ಡರ್ ಹಾಕುವವರು ಧಾರಾಳವಾಗಿ ಇಂಥವರ ಹತ್ತಿರ ತರಿಸಿ. ಅಡ್ವಾನ್ಸ್ ಅರ್ಧ ಮಾತ್ರ ಕೊಡಿ, ತಾರೀಖು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸೀಸನ್ ನಡುವೆ ಡ್ರೈವ್ ಸುಟ್ಟವರು ಮಾತ್ರ ಮೊದಲು ಸೊಲ್ಲಾಪುರದ ಅಂಗಡಿಗಳಿಗೆ ಫೋನ್ ಹಚ್ಚಿ ನೋಡಿ.