ಕಹಿ ಮಾತ್ರೆಗೆ ಜೋನಿ ಬೆಲ್ಲವೋ, ಜೇನೋ, ತುಪ್ಪವೋ?

ಮಾತ್ರೆ ನುಂಗಲು ಬಾರದ ಮಕ್ಕಳಿಗೂ ವಯಸ್ಸಾದವರಿಗೂ ಪುಡಿ ಮಾಡಿ ಕೊಡುವಾಗ ಮಲೆನಾಡಿನ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಜೋನಿ ಬೆಲ್ಲ (ಗಟ್ಟಿ ಮಾಡದ ಮಂದ ದ್ರವದ ಬೆಲ್ಲ), ಜೇನುತುಪ್ಪ, ತುಪ್ಪ, ಬಾಳೆಹಣ್ಣು, ಹುಳಿಯಾದ ಮುರುಗಲು (ಕೋಕಂ) ಪಾನಕ. ಪ್ಯಾರಾಸಿಟಮಾಲ್, ಮೆಟ್ರೊನಿಡಜೋಲ್‌ನಂಥ ಕಹಿ ಮಾತ್ರೆಗಳಿಗೆ ಇವನ್ನೆಲ್ಲ ಬಳಸಿ ನೋಡಿದ ಮೇಲೆ ನಮ್ಮ ಓಟು ಜೋನಿ ಬೆಲ್ಲಕ್ಕೆ.

ಪುಡಿ ಎಂಜಲಲ್ಲಿ ಕರಗಿದರೆ ಮಾತ್ರ ನಾಲಿಗೆಗೆ ಕಹಿ ಗೊತ್ತಾಗುವುದು. ಹಾಗಾಗಿ ಸಿಹಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಮಂದವಾಗಿದೆ, ಎಷ್ಟು ಬೇಗ ಗಂಟಲು ದಾಟುತ್ತದೆ ಅನ್ನುವುದೇ ಮುಖ್ಯ. ಎಲ್ಲರೂ ಮಾಡುವ ತಪ್ಪು ಪುಡಿಯನ್ನು ಬೆಲ್ಲದಲ್ಲಿ ಚೆನ್ನಾಗಿ ಕಲಸುವುದು. ಕಲಸಿದಷ್ಟೂ ಪುಡಿ ಮೇಲೆ ಬಂದು ನಾಲಿಗೆಗೆ ತಾಗುತ್ತದೆ, ಇಟ್ಟಷ್ಟೂ ಕರಗುತ್ತದೆ.

ಎರಡು ಸ್ಟೀಲ್ ಚಮಚಗಳ ನಡುವೆ ಮಾತ್ರೆ ಒತ್ತಿ ನುಣ್ಣಗೆ ಪುಡಿ ಮಾಡಿ. ಇನ್ನೊಂದು ಚಮಚದಲ್ಲಿ ಅರ್ಧದಷ್ಟು ಜೋನಿ ಬೆಲ್ಲ ಹಾಕಿ, ನಡುವೆ ಪುಡಿ ಉದುರಿಸಿ, ಅಂಚಿಗೆ ತಾಗದ ಹಾಗೆ ಮೇಲೆ ಮತ್ತೆ ಬೆಲ್ಲ ಸುರಿದು ಮುಚ್ಚಿ. ಆ ಬೆಲ್ಲಕ್ಕೆ ಚಿಟಿಕೆ ಉಪ್ಪು ಮೊದಲೇ ಬೆರೆಸಿಟ್ಟರೆ ಇನ್ನೂ ಒಳ್ಳೆಯದು. ಉಪ್ಪು ಎಷ್ಟೋ ಕಹಿಗಳನ್ನು ತಗ್ಗಿಸುತ್ತದೆ. ತಕ್ಷಣ ಬಾಯಿಗೆ ಹಾಕಿ, ಹಿಂದೆಯೇ ನೀರು ಕುಡಿಸಿ. ಲೋಟದ ತುಂಬ ಪಾನಕಕ್ಕೆ ಔಷಧಿ ಬೆರೆಸಬೇಡಿ. ಮಗು ಅರ್ಧಕ್ಕೇ ಬಿಟ್ಟರೆ ಎಷ್ಟು ಔಷಧಿ ಹೊಟ್ಟೆ ಸೇರಿತೆಂದು ಹೇಳಲಾಗದು.

ಜೇನು ಎರಡನೆಯದು. ನಮ್ಮ ಕಡೆಯ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ತೆಳು. ಪುಡಿಯನ್ನು ಬೇಗ ಬಿಟ್ಟುಕೊಡುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು, ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಅಪಾಯವಿದೆ. ಹಿರಿಯರು ಎಷ್ಟೇ ಹೇಳಿದರೂ ಇದರಲ್ಲಿ ರಾಜಿ ಬೇಡ.

ತುಪ್ಪ ಸಕ್ಕರೆ ಕಾಯಿಲೆಯವರಿಗೆ ಆಗುತ್ತದೆ. ನಾಲಿಗೆಗೆ ಪದರ ಕಟ್ಟುತ್ತದೆ, ಆದರೆ ಹೆಪ್ಪುಗಟ್ಟಿದ್ದೇ ಬೇಕು. ಕರಗಿದ ತುಪ್ಪದಲ್ಲಿ ಪುಡಿ ಕೆಳಗಿಳಿದು ಕೊನೆಯ ಗುಟುಕು ಪೂರ್ತಿ ಕಹಿ. ಪುಟ್ಟಬಾಳೆ ಹಣ್ಣಿನ ತುಂಡು ಇಡೀ ಮಾತ್ರೆ ಜಾರಿಸಲು ಸರಿ, ಪುಡಿಗೆ ದಂಡ. ಅಗಿದರೆ ಮುಗಿಯಿತು.

ಮುರುಗಲು ಪಾನಕ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅಜಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಸಿರಪ್‌ಗಳಲ್ಲಿ ಕಹಿ ಮುಚ್ಚಲು ಔಷಧಿಯ ಕಣಕ್ಕೆ ಲೇಪ ಕೊಟ್ಟಿರುತ್ತಾರೆ. ಹುಳಿ ಬಿದ್ದರೆ ಆ ಲೇಪ ಕರಗಿ ಕಹಿ ಹೊರಗೆ ಬರುತ್ತದೆ. ಕಿತ್ತಳೆ ರಸಕ್ಕೂ ಇದೇ ಮಾತು. ಚಕ್ಕೋತದ ತೊಂದರೆಯೇ ಬೇರೆ: ಕೆಲವು ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳ ಮಟ್ಟವನ್ನು ಅದು ರಕ್ತದಲ್ಲಿ ಏರಿಸಬಲ್ಲದು.

ಹಾಲು, ಮೊಸರಿನ ಜೊತೆ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಕೊಡಬೇಡಿ. ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ.

ಪುಡಿ ಮಾಡುವ ಮುಂಚೆ ಮಾತ್ರೆಯ ಸ್ಟ್ರಿಪ್ ನೋಡಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಒಡೆದರೆ ದಿನದ ಡೋಸ್ ಒಂದೇ ಸಲಕ್ಕೆ ಇಳಿಯಬಹುದು. ಪ್ಯಾಂಟೊಪ್ರಜೋಲ್ ಒಡೆದರೆ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಹಾಳಾಗುತ್ತದೆ. ಅನುಮಾನವಿದ್ದರೆ ಮೆಡಿಕಲ್ ಶಾಪಿನ ಫಾರ್ಮಸಿಸ್ಟರನ್ನು ಕೇಳಿ.

ಕಿರಾತಕಡ್ಡಿ ಎಂಬ ಕಹಿ ಮೂಲಿಕೆಯ ಕಷಾಯಕ್ಕೆ ಈ ಪದರದ ಉಪಾಯ ನಡೆಯದು, ಕಹಿ ಆಗಲೇ ನೀರಿಗೆ ಇಳಿದಿರುತ್ತದೆ. ಅದನ್ನು ಆರಿಸಿ ತಣ್ಣಗೆ ಮಾಡಿ, ಉಪ್ಪಿನ ಹರಳು ಹಾಕಿ, ಒಂದೇ ಗುಟುಕಿಗೆ ಕುಡಿಸಿ. ಬೆಲ್ಲ ಆಮೇಲೆ ಕೊಡಿ.