ಮೊದಲು ಇರೇನ್, ಆಮೇಲೆ ಅಲೆಕ್ಸ್: ಪಿಯರ್ ಲಮೇತ್ರ್ ಅವರ ಪತ್ತೇದಾರಿ ಕಾದಂಬರಿಗಳು

ಈ ಮೂರು ಪುಸ್ತಕ ತರಿಸಿಕೊಳ್ಳುವ ಯೋಚನೆ ಇದ್ದರೆ ಮೊದಲು ಒಂದು ಮಾತು. ಇರೇನ್, ಅಲೆಕ್ಸ್, ಕಮೀಲ್. ಇದೇ ಕ್ರಮದಲ್ಲಿ ಓದಿ. ನಾನು ಹಾಗೆ ಓದಲಿಲ್ಲ, ಆ ಬೇಜಾರು ಇನ್ನೂ ಹೋಗಿಲ್ಲ.

ಆಗಿದ್ದು ಇಷ್ಟು. ಫ್ರೆಂಚಿನಲ್ಲಿ ಮೊದಲನೆಯದು 2006ರಲ್ಲಿ ಬಂತು, ಎರಡನೆಯದು 2011ರಲ್ಲಿ, ಮೂರನೆಯದು 2012ರಲ್ಲಿ. ಇಂಗ್ಲಿಷಿನಲ್ಲಿ ಮಾತ್ರ 2013ರಲ್ಲಿ ಎರಡನೆಯದನ್ನೇ ಮೊದಲು ತಂದರು, ಮೊದಲನೆಯದು ಬಂದದ್ದು ಮರುವರ್ಷ. ಇದೆಲ್ಲ ಗೊತ್ತಿಲ್ಲದೆ ನಾನು ಅಲೆಕ್ಸ್ ಹಿಡಿದು ಕೂತೆ. ಶುರುವಿನಲ್ಲೇ ಹಿಂದಿನ ಪುಸ್ತಕದ ಕೊನೆ ಏನೆಂದು ಗೊತ್ತಾಗಿಬಿಟ್ಟಿತು. ಅದೂ ಎಂಥ ಕೊನೆ! ಆಮೇಲೆ ಇರೇನ್ ಓದುವಾಗ ಪ್ರತಿ ಪುಟದಲ್ಲೂ ಮುಂದೇನಾಗುತ್ತದೆ ಅಂತ ಗೊತ್ತಿದ್ದೇ ಓದಬೇಕಾಯಿತು. ಪತ್ತೇದಾರಿ ಕಾದಂಬರಿ ಓದುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ ಅಲ್ವಾ?

ಇನ್ನು ಬರೆದವರ ವಿಷಯ. ಲಮೇತ್ರ್ ಹುಟ್ಟಿದ್ದು 1951ರಲ್ಲಿ, ಪ್ಯಾರಿಸಿನಲ್ಲಿ. ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಸಾಹಿತ್ಯ ಪಾಠ ಹೇಳುತ್ತಿದ್ದ ಮೇಷ್ಟ್ರು. ಮೊದಲ ಕಾದಂಬರಿ ಅಚ್ಚಾದಾಗ ಅವರಿಗೆ 55 ವರ್ಷ! ಅದಕ್ಕೇ ಇರಬೇಕು, ಇವರ ಬರವಣಿಗೆಯಲ್ಲಿ ಹೊಸಬರ ಆತುರ ಕಾಣುವುದಿಲ್ಲ. ಜೀವನಪೂರ್ತಿ ಬೇರೆಯವರ ಕಾದಂಬರಿಗಳನ್ನು ಬಿಚ್ಚಿ, ಜೋಡಿಸಿ ತೋರಿಸಿದ ಮನುಷ್ಯ, ಓದುಗ ಎಲ್ಲಿ ಮೋಸ ಹೋಗುತ್ತಾನೆ ಅಂತ ಚೆನ್ನಾಗಿ ಗೊತ್ತು. ಇರೇನ್‌ನಲ್ಲಿ ಕೊಲೆಗಾರ ಹಳೆಯ ಪತ್ತೇದಾರಿ ಕಾದಂಬರಿಗಳ ಕೊಲೆಗಳನ್ನೇ ಹಾಗೆ ಹಾಗೇ ಮತ್ತೆ ಮಾಡುತ್ತಾನೆ. ಇಂಥದ್ದು ಹೊಳೆಯುವುದು ಮೇಷ್ಟ್ರಿಗೇ.

ಮೂರೂ ಪುಸ್ತಕಗಳ ನಾಯಕ ಕಮೀಲ್ ವೆರ್ಹೋವನ್ ಪ್ಯಾರಿಸ್ ಪೊಲೀಸ್ ಅಧಿಕಾರಿ, ಎತ್ತರ ಐದಡಿಯೂ ಇಲ್ಲ. ತಾಯಿ ದೊಡ್ಡ ಚಿತ್ರಕಲಾವಿದೆ, ಬಸುರಿಯಾಗಿದ್ದಾಗಲೂ ಸಿಗರೇಟು ಬಿಡಲಿಲ್ಲ, ಮಗ ಬೆಳೆಯಲೇ ಇಲ್ಲ. ಆ ತಾಯಿಯ ಮೇಲೆ ಇವನಿಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ, ತಾನೂ ಯಾವಾಗಲೂ ಪೆನ್ಸಿಲ್ ಹಿಡಿದು ಮುಖಗಳನ್ನು ಗೀಚುತ್ತಿರುತ್ತಾನೆ. ಜೊತೆಗಿರುವವರಲ್ಲಿ ನನಗೆ ಇಷ್ಟವಾದವನು ಅರ್ಮಾನ್, ಮಹಾ ಜಿಪುಣ. ಪೆನ್ನು, ಪೇಪರು, ಸಿಗರೇಟು ಎಲ್ಲವೂ ಬೇರೆಯವರದ್ದೇ. ಆದರೆ ಅದೇ ಜಿಪುಣತನದಿಂದ ಕೇಸಿನ ಒಂದು ಸಣ್ಣ ವಿವರವನ್ನೂ ಅವನು ಬಿಸಾಡುವುದಿಲ್ಲ!

ಮೂರರಲ್ಲಿ ಒಂದನ್ನು ಆರಿಸು ಎಂದರೆ ಅಲೆಕ್ಸ್. ಪ್ಯಾರಿಸಿನ ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಎಳೆದೊಯ್ದು, ಸರಿಯಾಗಿ ನಿಲ್ಲಲೂ ಮಲಗಲೂ ಆಗದ ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿ ಮೇಲೆ ತೂಗುಹಾಕುತ್ತಾರೆ. ಇಲಿಗಳು ಬರುತ್ತವೆ. ಪೊಲೀಸರಿಗೆ ಅವಳ ಹೆಸರು ಕೂಡ ಗೊತ್ತಿಲ್ಲ. ಓದುವ ನಮಗೆ ಅವಳು ಬದುಕಿದರೆ ಸಾಕು ಅನಿಸುತ್ತದೆ. ಇದೇ ಪುಸ್ತಕದ ಎರಡನೇ ಭಾಗಕ್ಕೆ ಬಂದರೆ ಅದೇ ಹೆಂಗಸಿನ ಬಗ್ಗೆ ನಮ್ಮ ಅಭಿಪ್ರಾಯ ಪೂರ್ತಿ ತಲೆಕೆಳಗಾಗುತ್ತದೆ, ಮೂರನೇ ಭಾಗದಲ್ಲಿ ಮತ್ತೊಮ್ಮೆ. ಯಾರ ಪರ ನಿಂತಿದ್ದೇನೆ ಅಂತ ನನಗೇ ತಿಳಿಯದೆ ರಾತ್ರಿ ಎರಡು ಗಂಟೆಯವರೆಗೆ ಓದಿದೆ. ಅನುವಾದವಾಗಿ ಬಂದ ಪತ್ತೇದಾರಿ ಕಾದಂಬರಿಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಇಂಟರ್ನ್ಯಾಷನಲ್ ಡ್ಯಾಗರ್ ಪ್ರಶಸ್ತಿ 2013ರಲ್ಲಿ ಇದಕ್ಕೆ ಬಂತು, ಫ್ರೆಂಚ್ ಲೇಖಕಿ ಫ್ರೆಡ್ ವಾರ್ಗಾಸ್ ಅವರ ಕಾದಂಬರಿಯ ಜೊತೆ ಹಂಚಿಕೆಯಾಗಿ. ಫ್ರ್ಯಾಂಕ್ ವಿನ್ ಅವರ ಇಂಗ್ಲಿಷ್ ಅನುವಾದ ಚುರುಕಾಗಿದೆ, ಎಲ್ಲೂ ತಡವರಿಸುವುದಿಲ್ಲ.

ದೂರೂ ಇದೆ. ಇರೇನ್‌ನಲ್ಲಿ ಹಿಂಸೆ ತುಂಬಾ ಜಾಸ್ತಿ. ಹೆಂಗಸರ ಹೆಣಗಳ ವರ್ಣನೆಯನ್ನು ಅಷ್ಟು ಎಳೆಯುವ ಅಗತ್ಯ ಇರಲಿಲ್ಲ, ಕೆಲವು ಪುಟ ನಾನು ಹಾರಿಸಿದೆ. ರಕ್ತ ನೋಡಲಾಗದವರು ಈ ಮಾಲೆಗೆ ಕೈ ಹಾಕಬೇಡಿ. ಮೂರನೆಯ ಪುಸ್ತಕ ಕಮೀಲ್‌ನಲ್ಲಿ ಒಡವೆ ಅಂಗಡಿ ದರೋಡೆ, ಮೂರೇ ದಿನಗಳ ಕಥೆ. ಓಟ ಚೆನ್ನಾಗಿದೆ, ಆದರೆ ನಡುವೆ ಎಲ್ಲೋ ಗುಟ್ಟು ಊಹೆಗೆ ಸಿಕ್ಕಿಬಿಡುತ್ತದೆ.

2013ರಲ್ಲೇ ಇವರಿಗೆ ಗೊಂಕೂರ್ ಪ್ರಶಸ್ತಿಯೂ ಬಂತು, ಪತ್ತೇದಾರಿ ಕಥೆಗಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಇಬ್ಬರು ಸೈನಿಕರು ಸತ್ತವರ ಸ್ಮಾರಕದ ಹೆಸರಲ್ಲಿ ಇಡೀ ದೇಶಕ್ಕೆ ಟೋಪಿ ಹಾಕುವ ಕಾದಂಬರಿಗೆ. ಫ್ರಾನ್ಸಿನ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ, ಕೈಗೆ ಸಿಗುವುದು ಬರೀ 10 ಯೂರೋ, ಆದರೆ ಪುಸ್ತಕ ಲಕ್ಷಗಟ್ಟಲೆ ಖರ್ಚಾಗುತ್ತದೆ. ಪತ್ತೇದಾರಿ ಬರೆಯುವವರು ಸಾಹಿತಿಗಳಲ್ಲ ಎನ್ನುವವರಿಗೆ ಈ ಸುದ್ದಿ ಮುಟ್ಟಿಸಬೇಕು ಅನಿಸುತ್ತದೆ ನನಗೆ.

ಮಾಲೆಯಲ್ಲಿ ಇನ್ನೊಂದು ಪುಟ್ಟ ಪುಸ್ತಕವೂ ಇದೆ, ರೋಸಿ ಅಂಡ್ ಜಾನ್. ಮೊದಲ ಮಹಾಯುದ್ಧದ ಹಳೆಯ ಶೆಲ್‌ಗಳಿಂದ ಬಾಂಬ್ ಮಾಡಿ, ಒಂದು ಸಿಡಿದ ಮೇಲೆ ತಾನೇ ಬಂದು ಶರಣಾಗುವ ಹುಡುಗನ ಕಥೆ. ಅದನ್ನು ಅಲೆಕ್ಸ್ ಆದಮೇಲೆ, ಕಮೀಲ್‌ಗೆ ಮುಂಚೆ ಓದಿ.