ಬದಿಯಡ್ಕದ ಒಂದು ಪ್ಲಾನ್ ಆಫೀಸು: ಜಾಗ ತಗೊಳ್ಳುವ ಮೊದಲೇ ಹೋಗಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಮನೆ ಪ್ಲಾನ್ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಚಿಕ್ಕ ಆಫೀಸಿನ ಬಗ್ಗೆ. ಲೈಸೆನ್ಸ್ ಇರುವ ಮಹಿಳಾ ಎಂಜಿನಿಯರ್ ಒಬ್ಬರು ಇಬ್ಬರು ಹುಡುಗರನ್ನು ಇಟ್ಟುಕೊಂಡು ನಡೆಸುತ್ತಾರೆ. ಮಾತೆಲ್ಲ ಕನ್ನಡದಲ್ಲೇ. ಮಲಯಾಳದಲ್ಲಿ ಬರುವ ಕಾಗದಗಳನ್ನು ಅವರೇ ಓದಿ ಅರ್ಥ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಲಯಾಳ ಮಾತಾಡಲು ಬರುತ್ತದೆ, ಓದಲು ಯಾರಿಗೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಇದೇ ನಮಗೆ ದೊಡ್ಡ ಉಪಕಾರ.

ರಾಷ್ಟ್ರೀಯ ಹೆದ್ದಾರಿ 66 ಕೇರಳದಲ್ಲಿ 45 ಮೀಟರ್ ಅಗಲಕ್ಕೆ ಬೆಳೆಯುವಾಗ ಉಪ್ಪಳದಲ್ಲಿದ್ದ ನಮ್ಮ ಅಂಗಡಿ ಹೋಯಿತು. ಪರಿಹಾರದ ಹಣದಲ್ಲಿ ಸೀತಾಂಗೋಳಿ ಕಡೆ ಸ್ವಲ್ಪ ಜಾಗ ತಗೊಂಡು, ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಬೇಕು ಅಂತ ಯೋಚನೆ. ಬ್ರೋಕರ್ ತೋರಿಸಿದ ಮೊದಲ ಜಾಗ ನೋಡಲು ಚೆನ್ನಾಗಿತ್ತು. ಕೆಂಪುಮಣ್ಣು ಹಾಕಿ ಸಮತಟ್ಟು ಮಾಡಿದ್ದರು, ಕ್ರಯವೂ ಕಡಿಮೆ. ಅಡ್ವಾನ್ಸ್ ಕೊಡುವ ಮೊದಲು ತೀರ್ವೆ (ಭೂಕಂದಾಯ) ರಶೀದಿಯ ಪ್ರತಿ ಹಿಡಿದುಕೊಂಡು ಈ ಆಫೀಸಿಗೆ ಹೋದೆ.

ಅವರು ಮೊದಲು ಕೇಳಿದ್ದು ಸರ್ವೆ ನಂಬರ್. "ಅಣ್ಣ, ಪ್ಲಾನ್ ಆಮೇಲೆ ಮಾಡುವ. ಇದು ಡಾಟಾ ಬ್ಯಾಂಕಿನಲ್ಲಿ ಇದೆಯಾ ಅಂತ ಮೊದಲು ನೋಡುವ" ಅಂದರು. ನೋಡಿದರೆ ಇತ್ತು. ಕೇರಳದಲ್ಲಿ 2008ರಲ್ಲಿ ಗದ್ದೆ ಮತ್ತು ಜೌಗು ಭೂಮಿಯನ್ನು ಉಳಿಸಲು ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ ಯಾವ ಸರ್ವೆ ನಂಬರ್ ಗದ್ದೆ ಅಂತ ಪಟ್ಟಿ ಮಾಡಿದ್ದಾರೆ. ಅದೇ ಡಾಟಾ ಬ್ಯಾಂಕ್. ಆ ಪಟ್ಟಿಯಲ್ಲಿದ್ದರೆ ಮೇಲೆ ಎಷ್ಟು ಮಣ್ಣು ಹಾಕಿದರೂ ಕಾನೂನಿನ ಲೆಕ್ಕಕ್ಕೆ ಅದು ಗದ್ದೆಯೇ. 2008ಕ್ಕಿಂತ ಮೊದಲೇ ತುಂಬಿಸಿದ ಜಾಗ ತಪ್ಪಾಗಿ ಪಟ್ಟಿಗೆ ಸೇರಿದ್ದರೆ ಫಾರಂ 5ರಲ್ಲಿ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ ಹಾಕಬಹುದು, ಕೃಷಿ ಭವನದಿಂದ ವರದಿ ಹೋಗುತ್ತದೆ. ಆದರೆ ನಾವು ನೋಡಿದ ಆ ಬೈಲಿನ (ತಗ್ಗಿನ ಗದ್ದೆಯ) ಕಥೆ ಬೇರೆ. ಸುತ್ತಲಿನ ಗುಡ್ಡದ ಮಳೆನೀರು ಇಳಿದು ನಿಲ್ಲುವ ಜಾಗ ಅದು, ಕೆಳಗಿನ ಮನೆಗಳ ಬಾವಿಗೆ ನೀರು ಹೋಗುವುದೂ ಅಲ್ಲಿಂದಲೇ ಅಂತ ಅವರು ಕಾಗದದಲ್ಲಿ ಗೀಟು ಹಾಕಿ ತೋರಿಸಿದರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೂ ಏಪ್ರಿಲ್-ಮೇ ಬಂದರೆ ಬಾವಿ ತಳ ಕಾಣುತ್ತದೆ ಅಲ್ವಾ? ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿದು ಹರಿದುಹೋಗುತ್ತದೆ. ತಡೆದು ನಿಲ್ಲಿಸುವ ಬೈಲನ್ನೂ ಮುಚ್ಚಿದರೆ ಇನ್ನೇನು ಉಳಿಯುತ್ತದೆ? ಆ ಜಾಗ ಬೇಡ ಅಂದೆವು. ಈ ಸಲಹೆಗೆ ಅವರು ಒಂದು ರೂಪಾಯಿ ತಗೊಳ್ಳಲಿಲ್ಲ.

ಆಮೇಲೆ ಸಿಕ್ಕಿದ್ದು 10 ಸೆಂಟ್ಸ್, ಅಂದರೆ ಸುಮಾರು 405 ಚದರ ಮೀಟರ್. ಇಲ್ಲಿ ಅವರ ಕೆಲಸದ ರೀತಿ ನನಗೆ ತುಂಬಾ ಇಷ್ಟವಾಯಿತು. ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯುವ ಮೊದಲು ಹಗ್ಗ, ಗೂಟ, ಸುಣ್ಣದ ಪುಡಿ ತಗೊಂಡು ಜಾಗಕ್ಕೇ ಬಂದರು. ರಸ್ತೆ ಕಡೆಯ ಗಡಿಯಿಂದ 3 ಮೀಟರ್ ಒಳಗೆ ಸುಣ್ಣದ ಗೆರೆ. "ಇದರಿಂದ ಆಚೆ ಗೋಡೆ ಬರಬಾರದು" ಅಂದರು. ಇದು ಸೆಟ್‌ಬ್ಯಾಕ್. ಪಕ್ಕದಲ್ಲೂ ಹಿಂದೆಯೂ ಬಿಡಬೇಕು. ಗಾಳಿ ಬೆಳಕು ಬರಲು, ಬೆಂಕಿ ಬಿದ್ದರೆ ಜನ ಓಡಾಡಲು ಆ ಜಾಗ ಬೇಕು. ಅಂಗಡಿಯ ಎದುರು ಇಷ್ಟು ಜಾಗ ಬಿಡುವುದಾ ಅಂತ ನನಗೆ ಸಂಕಟ ಆಗಿತ್ತು. ಅಲ್ಲೇ ನಿಂತು ನೋಡಿದಾಗ, ಗಿರಾಕಿಗಳ ಸ್ಕೂಟರ್ ರಸ್ತೆಗೆ ಚಾಚದೆ ನಿಲ್ಲುವುದು ಇದೇ ಜಾಗದಲ್ಲಿ ಅಂತ ಗೊತ್ತಾಯಿತು.

ನಿಜವಾದ ತಲೆನೋವು ಸೆಪ್ಟಿಕ್ ಟ್ಯಾಂಕಿನದ್ದು. ಕುಡಿಯುವ ನೀರಿನ ಯಾವ ಬಾವಿಯಿಂದಲೂ 7.5 ಮೀಟರ್ ದೂರದೊಳಗೆ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಬರಬಾರದು. ಯಾವ ಬಾವಿಯಿಂದಲೂ ಅಂದರೆ ನೆರೆಮನೆಯದ್ದೂ ಸೇರಿತು. ಗಡಿಯಿಂದಲೂ 1.2 ಮೀಟರ್ ಬಿಡಬೇಕು. ನಮ್ಮ ಊರಿನಲ್ಲಿ ಹತ್ತು ಸೆಂಟ್ಸಿಗೊಂದು ಬಾವಿ. ಅವರು ನೆರೆಯವರನ್ನು ಕೇಳಿ, ಬೇಲಿಯಾಚೆ ಹೋಗಿ, ಅವರ ಬಾವಿಕಟ್ಟೆಗೆ ಹಗ್ಗದ ತುದಿ ಹಿಡಿದು ವೃತ್ತ ಎಳೆದರು. ನಾವು ಬಾವಿ ತೋಡಬೇಕೆಂದಿದ್ದ ಜಾಗಕ್ಕೂ ಹಾಗೆಯೇ. ಎಲ್ಲ ವೃತ್ತ ಬಿಟ್ಟು ಉಳಿದದ್ದು ಈಶಾನ್ಯದ ಒಂದು ತುಂಡು ಮಾತ್ರ. ಅಮ್ಮ ವಾಸ್ತು ಪ್ರಕಾರ ಅದು ಆಗದು ಅಂದರು. ಎಂಜಿನಿಯರ್ ವಾದಕ್ಕೆ ಹೋಗಲಿಲ್ಲ. "ಅಮ್ಮ, ಹಾಗಾದರೆ ನಮ್ಮ ಬಾವಿಯ ಜಾಗವನ್ನೇ ಬದಲು ಮಾಡುವ, ಇನ್ನೂ ತೋಡಿಲ್ಲ ಅಲ್ವಾ" ಅಂತ ಇನ್ನೊಂದು ಗೂಟ ಹೊಡೆದರು. ಟ್ಯಾಂಕಿಗೆ ಬೇರೆ ಮೂಲೆ ಸಿಕ್ಕಿತು. ಇಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಎಫ್‌ಎಆರ್ ಅಂತ ಎಲ್ಲರೂ ಹೇಳುತ್ತಾರೆ, ಬಿಡಿಸಿ ಹೇಳುವವರು ಕಡಿಮೆ. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಕವರೇಜ್ ಅಂದರೆ ಕಟ್ಟಡ ನೆಲದ ಎಷ್ಟು ಪಾಲು ಮುಚ್ಚುತ್ತದೆ ಅನ್ನುವುದು. ಅವರು ಕೊಟ್ಟ ಉದಾಹರಣೆ ಹೀಗಿದೆ: 400 ಚದರ ಮೀಟರ್ ಜಾಗದಲ್ಲಿ ಎಫ್‌ಎಆರ್ 2 ಇದ್ದರೆ ಒಟ್ಟು 800 ಚದರ ಮೀಟರ್ ಕಟ್ಟಬಹುದು. ಅರ್ಧ ನೆಲ ಮುಚ್ಚಿದರೆ ಅದು ನಾಲ್ಕು ಮಹಡಿ. ಎರಡೂ ಲೆಕ್ಕ ಜೊತೆಗಿದ್ದರೆ ಊರಿನಲ್ಲಿ ಮಣ್ಣು ಕಾಣುವಷ್ಟು ಜಾಗ ಉಳಿಯುತ್ತದೆ.

ನಮ್ಮದು ಅಂಗಡಿ ಮತ್ತು ಮನೆ ಒಟ್ಟಿಗೆ ಇರುವ ಕಟ್ಟಡ. ನಿಯಮದಲ್ಲಿ ಮನೆ ಎ1 ಗುಂಪು, ಅಂಗಡಿ ಎಫ್ ಗುಂಪು. ಹಾಗಾಗಿ ಪಾರ್ಕಿಂಗ್ ಲೆಕ್ಕವೂ ಬಂತು. ಬರೀ ಮನೆಯಾಗಿದ್ದರೆ 300 ಚದರ ಮೀಟರ್‌ವರೆಗೆ ಸ್ವಯಂ ಪ್ರಮಾಣಪತ್ರದ ಮೇಲೆ ಬೇಗ ಪರ್ಮಿಟ್ ಸಿಗುತ್ತದಂತೆ. ಅರ್ಜಿಯನ್ನು ಪಂಚಾಯತಿನ ಆನ್‌ಲೈನ್ ತಾಣ ಕೆ-ಸ್ಮಾರ್ಟ್‌ನಲ್ಲಿ ಅವರೇ ಹಾಕಿದರು. ಮಳೆಕೊಯ್ಲಿನ ಟ್ಯಾಂಕನ್ನು ಪ್ಲಾನಿನಲ್ಲಿ ಸುಮ್ನೆ ತೋರಿಸಿ ಬಿಡಲಿಲ್ಲ, ಮಾಡಿನ ಪೈಪು ಎಲ್ಲಿ ಇಳಿಯಬೇಕು ಅಂತ ಮೇಸ್ತ್ರಿಗೂ ಹೇಳಿಕೊಟ್ಟರು.

ಕೊರತೆಗಳೂ ಇವೆ. ಆಫೀಸಿನ ಮೆಟ್ಟಿಲು ತುಂಬಾ ಕಡಿದು, ಒಂದೇ ಬದಿ ಹಿಡಿಕಂಬಿ. ಮಂಡಿನೋವಿನ ಅಮ್ಮನಿಗೆ ಹತ್ತಲು ಆಗಲಿಲ್ಲ. ಹುಡುಗ ಲ್ಯಾಪ್‌ಟಾಪ್ ಕೆಳಗೆ ತಂದು ತೋರಿಸಿದ, ಆದರೂ ವಯಸ್ಸಾದವರು ಬರುವ ಆಫೀಸು ಕೆಳಗಿದ್ದರೆ ಒಳ್ಳೆಯದು. ಫೋನ್ ಬೇಗ ಎತ್ತುವುದಿಲ್ಲ, ವಾಟ್ಸಾಪ್ ಮಾಡಿದರೆ ರಾತ್ರಿ ಉತ್ತರ ಬರುತ್ತದೆ. ತ್ರೀಡಿ ಚಿತ್ರಕ್ಕೆ ಬೇರೆ ದುಡ್ಡು ಅಂತ ಮೊದಲೇ ಹೇಳಲಿಲ್ಲ. ಅದನ್ನು ನಾನು ಅವರ ಎದುರೇ ಹೇಳಿದ್ದೇನೆ.

ದುಡ್ಡು ಚದರ ಅಡಿ ಲೆಕ್ಕದಲ್ಲಿ, ಮೂರು ಕಂತು. ಕೊನೆಯ ಕಂತು ಪರ್ಮಿಟ್ ಕೈಗೆ ಬಂದ ಮೇಲೆ. ಹೋಗುವಾಗ ಜಾಗದ ಆಧಾರದ (ಕ್ರಯಪತ್ರದ) ಪ್ರತಿ, ಈ ವರ್ಷದ ತೀರ್ವೆ ರಶೀದಿ, ವಿಲ್ಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್ ತಗೊಂಡು ಹೋಗಿ. ಜಾಗ ಇನ್ನೂ ಖರೀದಿ ಆಗಿಲ್ಲದಿದ್ದರೆ ಸರ್ವೆ ನಂಬರ್ ಒಂದೇ ಸಾಕು. ಬೆಳಗ್ಗೆ ಹೋದರೆ ಅವರು ಸೈಟಿಗೆ ಹೊರಡುವ ಮೊದಲು ಸಿಗುತ್ತಾರೆ.